ಬಿರುಕಿಗೆ ಅಡ್ಡವಾಗಿ ಒಂದು ಗಾಜು

ಬೆರಳಗಲದ ಗಾಜಿನ ಪಟ್ಟಿಯೊಂದನ್ನು ಬಿರುಕಿಗೆ ಅಡ್ಡಲಾಗಿ ಇಟ್ಟು, ಎರಡೂ ತುದಿಗೆ ಸಿಮೆಂಟು ಮೆತ್ತಿ, ಮೇಸ್ತ್ರಿ ಏಣಿಯಿಂದ ಇಳಿದ.

"ಎಂಟು ದಿನ ಇದನ್ನ ನೋಡ್ತಾ ಇರಿ ಸಾರ್. ಗೋಡೆ ಕೂದಲಷ್ಟು ಜರುಗಿದ್ರೂ ಗಾಜು ಪಟ್ ಅನ್ನತ್ತೆ. ಒಡೀಲಿಲ್ಲ ಅಂದ್ರೆ ಬಿರುಕು ಮುಚ್ಚಿ ಬಣ್ಣ ಹೊಡೀತೀನಿ. ಒಡೀತು ಅಂದ್ರೆ ಚಪ್ಪಲಿ ಹಾಕ್ಕೊಳ್ಳೋಕೂ ನಿಲ್ಲಬೇಡಿ. ಹೊರಗೆ ಹೋಗಿ ನನಗೆ ಫೋನ್ ಮಾಡಿ. ಅಲ್ಲೀವರೆಗೆ ಮೇಲಿನ ರೂಮಿಗೆ ಯಾರೂ ಹತ್ತಬಾರದು."

"ಒಡೆದ್ರೆ ಮನೆ ಏನಾಗತ್ತೆ?" ಮನೆಯ ಯಜಮಾನನ ಹೆಂಡತಿ ಕೇಳಿದಳು.

"ಮೇಲಿನ ಅಂತಸ್ತು ಪೂರ್ತಿ ಕೆಡವಬೇಕಾಗತ್ತೆ ಅಮ್ಮ. ಅಡುಗೆಮನೆ ಗೋಡೆ ಭಾರ ಹೊತ್ತಿದೆ, ಮುಟ್ಟಬೇಡಿ ಅಂತ ಬಡ್ಕೊಂಡೆ. ನಾನು ಎರಡು ದಿನ ಬರಲಿಲ್ಲ ಅನ್ನೋದೇ ತಡ, ಬೇರೆಯವರನ್ನ ಕರೆಸಿ ಒಡೆಸೇಬಿಟ್ರಿ!"

ಅವಳು ಬಸ್ಸಿನಲ್ಲಿ ಹೋಗುವಾಗಲೂ 'ಮನೆ ಮಾರಾಟಕ್ಕಿದೆ' ಎಂಬ ಫಲಕ ಕಂಡರೆ ಕತ್ತು ಹೊರಳಿಸಿ ನೋಡುವ ಹೆಂಗಸು. ಈಗಾಗಲೇ ಮೂರು ಹಳೆ ಮನೆಗಳನ್ನು ಕೊಂಡು, ಕೆರೆದು, ತಿದ್ದಿ, ಮಾರಿದ್ದಳು. ಗಾಜು ತಾನೇ ಕೊಯ್ಯುತ್ತಿದ್ದಳು, ಕಿಟಕಿ ತಾನೇ ಕೂರಿಸುತ್ತಿದ್ದಳು. ಗೋಡೆಗೆ ಬೆರಳಗೆಣ್ಣಿನಿಂದ ಬಡಿದು ಕಿವಿಗೊಟ್ಟರೆ ಒಳಗಿರುವುದು ಇಟ್ಟಿಗೆಯೋ ಕಲ್ಲೋ ಗೊತ್ತಾಗುತ್ತಿತ್ತು. ಈ ನಾಲ್ಕನೆಯದರ ಬೀಗದ ಕೈ ಸಿಕ್ಕ ದಿನ ಮಾತ್ರ ಗಂಡನಿಗೆ, "ಇದನ್ನ ಮಾರಲ್ಲ ರೀ. ಇಲ್ಲಿಂದ ನನ್ನನ್ನ ಎತ್ಕೊಂಡೇ ಹೋಗ್ಬೇಕು" ಅಂದಿದ್ದಳು.

ಗಾಜು ಕೂರಿಸಿದ ದಿನದಿಂದ ಗಂಡನಿಗೆ ಜೀವ ಕೈಯಲ್ಲಿ. ಬೆಳಗ್ಗೆ ಎದ್ದವನು ಮುಖ ತೊಳೆಯುವ ಮೊದಲು ಬಿರುಕಿನ ಕೆಳಗೆ ಹೋಗಿ ನಿಲ್ಲುತ್ತಿದ್ದ. ಫ್ರಿಜ್ಜು ಗುರ್ ಎಂದರೂ ಬೆಚ್ಚುತ್ತಿದ್ದ. ಒಮ್ಮೆ ಅಡುಗೆಮನೆಯಲ್ಲಿ ತಟ್ಟೆ ಬಿದ್ದ ಸದ್ದಿಗೆ, ಸ್ನಾನದಲ್ಲಿದ್ದವನು ಟವೆಲಿನಲ್ಲೇ ಗೇಟಿನವರೆಗೆ ಓಡಿದ. ಎದುರುಮನೆಯಾಕೆ ಮುಖ ತಿರುಗಿಸಿಕೊಂಡಳು. ಒಂಬತ್ತು ವರ್ಷದ ಮಗಳು ಹೊಟ್ಟೆ ಹಿಡಿದುಕೊಂಡು ನಕ್ಕಳು. ಹೆಂಡತಿ ನಗಲಿಲ್ಲ. ಅವಳ ಬೆರಳಿಗೆ ಬಟ್ಟೆ ಸುತ್ತಿತ್ತು. ಕೇಳಿದರೆ, "ಕಿಟಕಿ ಗಾಜು ಕೊಯ್ಯುವಾಗ ತಗುಲ್ತು" ಅಂದಳು.

ಗಾಜಿನ ಪಟ್ಟಿ ಮಾತ್ರ ದಿನದಿನವೂ ಈಗಷ್ಟೇ ಒರೆಸಿಟ್ಟಂತೆ ಹೊಳೆಯುತ್ತಿತ್ತು. ಎಂಟನೆಯ ಬೆಳಗ್ಗೆ ಗಂಡ ಎದೆ ತುಂಬ ಉಸಿರೆಳೆದುಕೊಂಡ.

"ಪುಟ್ಟೀ, ನಿನ್ನ ಜೈಲು ಮುಗೀತು. ಹೋಗು ನಿನ್ನ ರೂಮಿಗೆ."

"ಮೇಸ್ತ್ರಿ ಬಂದು ನೋಡ್ಲಿ ರೀ, ಆಮೇಲೆ ಹೋಗ್ತಾಳೆ," ಎಂದಳು ಹೆಂಡತಿ.

"ಯಾಕೆ? ಗಾಜು ನೆಟ್ಟಗಿದೆಯಲ್ಲ?"

ಅವಳು ಬಾಯಿ ತೆರೆದಳು. ಗಂಡನ ಮುಖ ನೋಡಿದಳು, ಮೇಲಿನ ಗಾಜು ನೋಡಿದಳು.

"ಇದೆ," ಎಂದಳು.

ಎಂಟು ದಿನ ಹಜಾರದಲ್ಲಿ ಚಾಪೆಯ ಮೇಲೆ ಮಲಗಿ ಬೇಸತ್ತಿದ್ದ ಮಗಳು ಕುಣಿಯುವ ಹಗ್ಗ ಹಿಡಿದು ಎರಡೆರಡು ಮೆಟ್ಟಿಲು ಹತ್ತಿ ಓಡಿದಳು. ಅವಳ ಹಿಂದೆಯೇ ಹೊರಟ ತಾಯಿ ಮೊದಲ ಮೆಟ್ಟಿಲ ಮೇಲೆ ಕಾಲಿಟ್ಟಿದ್ದಳಷ್ಟೆ, ಬಾಗಿಲಲ್ಲಿ ಮೇಸ್ತ್ರಿ ಕೆಮ್ಮಿದ.

"ಬಾಪ್ಪಾ, ನೋಡು. ಒಂದು ಗೀರೂ ಇಲ್ಲ!" ಗಂಡ ತಾನೇ ಏಣಿ ತಂದು ಹಾಕಿದ.

ಮೇಸ್ತ್ರಿ ಹತ್ತಿದ. ಗಾಜು ನೋಡಿದ. ಅದರ ತುದಿಯ ಸಿಮೆಂಟನ್ನು ಹೆಬ್ಬೆರಳಿನಿಂದ ಒತ್ತಿದ. ಬೆರಳು ಒಳಗೆ ಇಳಿಯಿತು. ಬೆರಳಿಗೆ ಮೆತ್ತಿದ ಹಸಿ ಸಿಮೆಂಟನ್ನೇ ಒಂದು ಗಳಿಗೆ ನೋಡುತ್ತ ನಿಂತು, ಆಮೇಲೆ ಮೆಟ್ಟಿಲ ಬಳಿ ನಿಂತಿದ್ದ ಅವಳ ಕಡೆ ತಿರುಗಿದ. ಕಾಯಿಲೆಯವರ ಕೋಣೆಯಲ್ಲಿ ಮಾತಾಡುವಂತೆ ದನಿ ತಗ್ಗಿಸಿ ಕೇಳಿದ:

"ಅಮ್ಮಾ, ಎಷ್ಟು ಒಡೆದವು?"

ಗಂಡನಿಗೆ ಅರ್ಥವಾಗಲಿಲ್ಲ. ಹೆಂಡತಿ ಮೆಟ್ಟಿಲ ಕೆಳಗಿಂದ ಖಾಲಿ ಬಣ್ಣದ ಡಬ್ಬಿಯೊಂದನ್ನು ಎಳೆದಳು. ಒಳಗೆ ಗಾಜಿನ ಚೂರುಗಳು ಗಲಗಲ ಎಂದವು.

"ಐದು. ಮೊದಲು ಎರಡು ದಿನಕ್ಕೊಂದು ಒಡೀತಿತ್ತು. ಹಳೇ ಮನೆ, ಸ್ವಲ್ಪ ಕೂತ್ಕೊಂಡು ಸರಿಹೋಗತ್ತೆ ಅಂದ್ಕೊಂಡೆ. ಈಗ..." ಅವಳು ಡಬ್ಬಿಯನ್ನು ನೆಲಕ್ಕಿಟ್ಟಳು. "ಈಗ ದಿನಾ ಒಡೀತಿದೆ."

ತಲೆಯ ಮೇಲೆ ಟಕ್, ಟಕ್, ಟಕ್ ಎಂದು ಸದ್ದು ಶುರುವಾಯಿತು. ಮಗಳು ಹಗ್ಗ ಕುಣಿಯುತ್ತಿದ್ದಳು. ಟಕ್ ಎಂದಾಗಲೆಲ್ಲ ಮೇಸ್ತ್ರಿಯ ಹೆಗಲ ಮೇಲೆ ಒಂದಿಷ್ಟು ಸುಣ್ಣದ ಪುಡಿ ಉದುರುತ್ತಿತ್ತು.

"ಪುಟ್ಟೀ" ಎನ್ನಲು ಗಂಡ ಬಾಯಿ ತೆರೆದಿದ್ದ. ಮೇಸ್ತ್ರಿ ಏಣಿಯಿಂದ ಹಾರಿ ಅವನ ಬಾಯಿಗೆ ಕೈ ಒತ್ತಿದ.

"ಕೂಗಬೇಡಿ ಸಾರ್. ಕೂಗಿದ್ರೆ ದಡದಡ ಓಡಿ ಬರ್ತಾಳೆ. ಒಬ್ಬರು ಮೆತ್ತಗೆ ಹೋಗಿ ಎತ್ಕೊಂಡು ಬರಬೇಕು. ಗೋಡೆ ಪಕ್ಕದಲ್ಲೇ ಹೆಜ್ಜೆ ಇಡಬೇಕು."

ಅವನ ಮಾತು ಮುಗಿಯುವ ಮೊದಲೇ ಹೆಂಡತಿ ಹತ್ತತೊಡಗಿದ್ದಳು. ಬರಿಗಾಲಲ್ಲಿ, ತಾನೇ ಬಣ್ಣ ಹಚ್ಚಿದ ಗೋಡೆಗೆ ಬೆನ್ನು ಉಜ್ಜಿಕೊಂಡು, ಪರರ ಮನೆಗೆ ನುಗ್ಗಿದ ಕಳ್ಳಿಯ ಹಾಗೆ. ಕೆಳಗೆ ನಿಂತ ಇಬ್ಬರಿಗೂ ಮೇಲೆ ಬಾಗಿಲು ಸರಿದದ್ದು ಕೇಳಿಸಿತು, ಅವಳು ಏನೋ ಪಿಸುಗುಟ್ಟಿದ್ದೂ ಕೇಳಿಸಿತು.

"ಇರಮ್ಮಾ!" ಮಗಳ ದನಿ ಗಟ್ಟಿಯಾಗಿಯೇ ಇತ್ತು. "ನೂರಾಗೋಕೆ ಇನ್ನು ನಾಲ್ಕೇ ಬಾಕಿ!"

ಟಕ್.

ಗಂಡ ತಲೆ ಎತ್ತಿದ. ಈ ಸಲ ಗಾಜು ಒಡೆಯಲಿಲ್ಲ. ಹಸಿ ಸಿಮೆಂಟಿನಲ್ಲಿ ಅದರ ಒಂದು ತುದಿ ಮೆಲ್ಲಗೆ, ತುಂಬ ಮೆಲ್ಲಗೆ, ಕೆಳಗೆ ಜಾರುತ್ತಿತ್ತು.