ದಿಂಬಿನ ಮೇಲಿನ ಮದುವೆ

ಅರ್ಧದಷ್ಟು ಫೋಟೊಗಳು ಪೆನ್‌ಡ್ರೈವ್‌ಗೆ ಕಾಪಿಯಾಗುವಷ್ಟರಲ್ಲಿ ಲ್ಯಾಪ್‌ಟಾಪ್ ಮತ್ತೆ ಕಣ್ಣು ಮುಚ್ಚಿತು. ಫೋಟೊಗ್ರಾಫರ್ ಕಪ್ಪು ಪರದೆಯಲ್ಲಿ ತನ್ನ ಮುಖವನ್ನೇ ನೋಡುತ್ತ ಕುಳಿತ. ಕ್ಯಾಮೆರಾದ ಕಾರ್ಡನ್ನು ಆಗಲೇ ಅಳಿಸಿಬಿಟ್ಟಿದ್ದ. ಯಾರದೋ ಇಡೀ ಮದುವೆ ಈಗ ಈ ಹಳೆಯ ಡಬ್ಬಿಯೊಳಗೆ ಮಾತ್ರ ಇತ್ತು.

"ಬ್ಯಾಟರಿ ಹೋಗಿರ್ಬೇಕು," ಎಂದ.

"ಚಾರ್ಜರ್ ಹಾಕೇ ಇದೆಯಲ್ಲ," ಎಂದಳು ಹೆಂಡತಿ.

"ಹಾಗಾದ್ರೆ ವೈರಸ್ಸು."

"ಮೊದ್ಲು ಆ ದಿಂಬು ತೆಗೀರಿ."

ಪೆಟ್ಟಾಗದಿರಲಿ ಎಂದು ಅವನೇ ಅದನ್ನು ಎಳೆಗೂಸಿನ ಹಾಗೆ ಮೆತ್ತನೆಯ ದಿಂಬಿನ ಮೇಲೆ ಮಲಗಿಸಿದ್ದ. ಅವಳು ಎತ್ತಿ, ತಳ ಮುಟ್ಟಿ, ಕೈ ಕೊಡವಿಕೊಂಡಳು. "ಕಾದ ಹೆಂಚಾಗಿದೆ. ಗಾಳಿ ಆಡೋ ಕಿಂಡಿನೇ ಮುಚ್ಚಿದೀರಿ. ನಿಮ್ಮ ಮುದ್ದಿಗೇ ಸಾಯ್ತಿದೆ ಪಾಪ."

ಅದು ತಣ್ಣಗಾಗುವವರೆಗೂ ಅವನು ಕೋಣೆಯ ತುಂಬ ಓಡಾಡಿದ. ಆಮೇಲೆ ಅವಳು ಪಾತ್ರೆ ಒಣಗಿಸುವ ಕಂಬಿಯ ಜಾಲರಿಯನ್ನು ತಂದು ಮೇಜಿನ ಮೇಲಿಟ್ಟು, ಲ್ಯಾಪ್‌ಟಾಪನ್ನು ಅದರ ಮೇಲೆ ಕೂರಿಸಿ, ಗುಂಡಿ ಒತ್ತಿದಳು. ಪರದೆ ಬೆಳಗಿತು. ಕಾಪಿ ಮತ್ತೆ ಮೊದಲಿನಿಂದ ಶುರುವಾಯಿತು. ಹಸಿರು ಪಟ್ಟಿ ತೆವಳುತ್ತ ಅರ್ಧದ ಹತ್ತಿರ ಬಂದು ನಿಂತೇ ಹೋಯಿತು. ಒಳಗಿನ ಫ್ಯಾನು ಕೂಗತೊಡಗಿತು. ಬೀಳುವ ಮಗುವನ್ನು ಹಿಡಿಯುವವನಂತೆ ಅವನು ಕೈ ಚಾಚಿದ. ಅವಳು ಆ ಕೈಯನ್ನು ನಡುವೆಯೇ ಹಿಡಿದುಕೊಂಡಳು.

"ಮುಟ್ಬೇಡಿ. ಅದರ ಪಾಡಿಗೆ ಅದು ಮಾಡ್ಲಿ."

ಎಷ್ಟು ನಿರಾಳವಾಗಿ ಹೇಳುತ್ತಾಳಲ್ಲ ಎಂದು ಅವನಿಗೆ ಸಿಟ್ಟು ಬಂತು. ಪಟ್ಟಿ ಒಮ್ಮೆ ಅದುರಿ ಅರ್ಧವನ್ನು ದಾಟಿತು. ಆಗ ಅವನಿಗೆ ತಿಳಿಯಿತು: ತನ್ನ ಕೈ ಹಿಡಿದಿದ್ದ ಅವಳ ಬೆರಳುಗಳು ಅಷ್ಟು ಹೊತ್ತೂ ನಡುಗುತ್ತಲೇ ಇದ್ದವು.