ಟಾಕೀಸಿನ ಬಾವಿ

ಮ್ಯಾಟಿನಿ ಶುರುವಾಗಿ ಹತ್ತು ನಿಮಿಷವಾಗಿತ್ತು. ಹಿರೇಕೆರೂರಿನ ಹಳೇ ಟಾಕೀಸಿನ ಹಿತ್ತಲಿಗೆ ಮಣ್ಣು ತುಂಬಿದ ಟ್ರ್ಯಾಕ್ಟರ್ ಬಂದು ನಿಂತಿದ್ದೇ ತಡ, ಕಸ ಗುಡಿಸುವ ಸಿದ್ದವ್ವ ಬತ್ತಿದ ಬಾವಿಯ ಕಟ್ಟೆ ಏರಿ ಕುಳಿತುಬಿಟ್ಟಳು.

“ಏಳು, ಸಿದ್ದವ್ವ!” ಟಾಕೀಸಿನ ಮಾಲೀಕ ಉಳವಪ್ಪ ಗುಡುಗಿದ. “ಬಾವಿ ಮುಚ್ಚಿ ಗಾಡಿ ನಿಲ್ಲಿಸಾಕ ಜಾಗ ಮಾಡಬೇಕು. ಈ ಪೈಪ್ ಇಲ್ಲಿಗೆ ತಿರುವಿದವರು ಯಾರು?”

ತಗಡಿನ ಮಾಡಿನ ನೀರನ್ನು ಗಟಾರಕ್ಕೆ ಒಯ್ಯುತ್ತಿದ್ದ ಪೈಪನ್ನು ಹಿಂದಿನ ಓಣಿಯ ಹೆಂಗಸರು ನಿನ್ನೆ ಬಾವಿಗೆ ತಿರುಗಿಸಿದ್ದರು.

“ನಾವ ರೀ. ತಗಡೂ ನಿಮ್ಮದು, ಬಾವೀನೂ ನಿಮ್ಮದು. ಎರಡಕ್ಕೂ ಬೀಗತನ ಮಾಡಿಸೇವಿ. ನಮ್ಮ ಓಣ್ಯಾಗಿನ ಬೋರು ಬತ್ತಿ ಮೂರು ವರ್ಷ ಆತು. ನಳ ಎಂಟು ದಿನಕ್ಕೊಮ್ಮೆ ಬರ್ತೈತಿ. ಇದನ್ನೂ ಮುಚ್ಚಿದ್ರ ನಾವು ಎಲ್ಲಿಗೆ ಹೋಗೂಣ?”

“ಹನಿ ನೀರಿಲ್ಲ, ಬೀಗತನ ಅಂತ ಬೀಗತನ!”

“ಮುಗಿಲು ನೋಡ್ರಿ ಸಾವ್ಕಾರ್ರ. ಈ ಒಂದು ಮಳಿ ತಡೀರಿ. ನೀರು ನಿಲ್ಲದಿದ್ರ ನಾನ ಬುಟ್ಟಿ ಹಿಡದು ಮಣ್ಣು ಹಾಕ್ತೇನಿ.”

ಉಳವಪ್ಪ ಬಾಯಿ ತೆರೆಯುವಷ್ಟರಲ್ಲಿ ಮಳೆ ಸುರಿಯಿತು. ಅವನು ಹಣೆ ಬಡಿದುಕೊಂಡು ಒಳಗೆ ಓಡಿದ. ತಗಡಿನ ಸದ್ದಿನಲ್ಲಿ ಪರದೆಯ ಮೇಲಿನ ಮಾತೆಲ್ಲ ಮುಳುಗಿಹೋಗಿತ್ತು. ಜನ ಸಿಳ್ಳೆ ಹೊಡೆದರು, ಬೈದರು. ಅರ್ಧ ತಾಸಿನ ನಂತರ ಮಳೆ ಸಣ್ಣದಾಯಿತು. ಆಗ ತೆರೆದ ಬಾಗಿಲಿನಿಂದ ಇನ್ನೊಂದು ಸದ್ದು ಒಳಬಂತು. ನೆಲದ ಹೊಟ್ಟೆಯಲ್ಲಿ ಯಾರೋ ತಾಮ್ರದ ಕೊಡಗಳನ್ನು ಒಂದೊಂದಾಗಿ ಉರುಳಿಸುತ್ತಿದ್ದ ಹಾಗೆ. ಬೈಯುತ್ತಿದ್ದವರು ಬಾಗಿಲ ಕಡೆ ತಿರುಗಿದರು. ಮುದುಕಿಯೊಬ್ಬಳು ಎದ್ದು ಹೊರಗೆ ಹೋದಳು. ಅವಳ ಹಿಂದೆ ಒಬ್ಬೊಬ್ಬರಾಗಿ, ನಿದ್ದೆಯಲ್ಲಿ ನಡೆಯುವವರಂತೆ, ಎಲ್ಲರೂ ಹೋದರು.

ಉಳವಪ್ಪ ಬೆನ್ನುಹತ್ತಿ ಬಂದ. ಜನ ಬಾವಿಯ ಸುತ್ತ ಬಗ್ಗಿ ನಿಂತಿದ್ದರು. ಮಾಡಿನ ನೀರು ಇನ್ನೂ ಇಳಿಯುತ್ತಿತ್ತು. ಕೆಳಗೆ ಕೆಂಪು ನೀರಿನ ಮೇಲೆ ಮುಗಿಲು ತೇಲುತ್ತಿತ್ತು. ಬಗ್ಗಿದವರ ಮುಖಗಳು ಒಡೆಯುತ್ತಿದ್ದವು, ಕೂಡುತ್ತಿದ್ದವು.

“ಮೊಣಕಾಲಮಟ ಬಂತೇನ?”

“ಏ, ಸೊಂಟಮಟ ಆತು ತಗಿ.”

“ಪಿಚ್ಚರ್ ನಡದೈತಿ, ಒಳಗ ಬರ್ರಿ!” ಉಳವಪ್ಪ ಕೂಗಿದ.

“ಶ್, ಸಾವ್ಕಾರ್ರ,” ಯಾರೋ ತಿರುಗಿಯೂ ನೋಡದೆ ಅಂದರು. “ಬರೇ ನಿಮ್ಮ ಧ್ವನೀನ ಕೇಳಾಕತ್ತೈತಿ.”

ಸಿದ್ದವ್ವ ಸರಿದು ಜಾಗ ಕೊಟ್ಟಳು. ಉಳವಪ್ಪ ಬಗ್ಗಿ ನೋಡಿದ. ಬಹಳ ಹೊತ್ತು ನೋಡಿದ. ತಲೆ ಎತ್ತದೆಯೇ, ಟ್ರ್ಯಾಕ್ಟರಿನ ಮೇಲಿದ್ದ ಡ್ರೈವರ್ ನಯೀಮನಿಗೆ ವಾಪಸ್ ಹೋಗು ಎಂದು ಕೈ ಬೀಸಿದ.

ಒಳಗೆ, ಖಾಲಿ ಕುರ್ಚಿಗಳ ಎದುರು, ನಾಯಕಿ ಒಬ್ಬಳೇ ಅಳುತ್ತಿದ್ದಳು.