ಊರಮ್ಮನ ಪುಟ

ಯಾರು ಬೇಕಾದರೂ ತಿದ್ದಬಹುದಾದ ಅಂತರ್ಜಾಲದ ವಿಶ್ವಕೋಶದಲ್ಲಿ ಊರಮ್ಮನ ಪುಟ ಬರೆದವನು ಚಿಕ್ಕಬೋರಯ್ಯ. ‘ಹೂವು, ಹಣ್ಣು, ಹಾಲು ಬಿಟ್ಟು ಬೇರೇನನ್ನೂ ಮುಟ್ಟದ ಸಾತ್ವಿಕ ದೇವಿ’ ಎಂದು ಬರೆದಿದ್ದ. ಯಾರೋ ಅದರ ಕೆಳಗೆ ‘ಹರಕೆಗೆ ಕೋಳಿ ಕೊಡುತ್ತಾರೆ’ ಎಂದು ಸೇರಿಸುತ್ತಿದ್ದರು. ಇವನು ಅಳಿಸಿದಷ್ಟೂ ಅದು ಮತ್ತೆ ಬರುತ್ತಿತ್ತು. ಇವತ್ತು ಒಂಬತ್ತನೆಯ ಸಲ.

“ಥೂ, ಅಸಹ್ಯ! ಜಗತ್ತೆಲ್ಲ ಓದೋ ಕಡೆ ನಮ್ಮಮ್ಮನ ಮುಖಕ್ಕೆ ರಕ್ತ ಬಳಿತಾನಲ್ಲ, ಮುಠ್ಠಾಳ!”

“ಇದ್ದದ್ದು ಇದ್ದಂಗೆ ಹೇಳಿದ್ರೆ ಎದ್ದು ಬಂದು ಎದೆಗೆ ಒದ್ದನಂತೆ,” ಅಡುಗೆಮನೆಯಿಂದ ಹೆಂಡತಿ ಅಂದಳು.

“ಇದ್ದದ್ದಂತೆ! ಆಧಾರ ಬೇಕು ಕಣೇ, ಆಧಾರ. ಇಲ್ಲಿನ ನಿಯಮ ಅದು.”

ಪುಟದ ಜೊತೆಗಿದ್ದ ಚರ್ಚೆಯ ಜಾಗದಲ್ಲಿ ಕುಟ್ಟಿ ಕುಟ್ಟಿ ಬರೆದ. ಬರೆದದ್ದನ್ನು ಅವಳಿಗೂ ಕೂಗಿ ಓದಿದ: “ಕೋಳಿ ಕೊಟ್ಟ ಒಂದೇ ಒಂದು ಮನೆ ತೋರಿಸು. ಇವತ್ತೇ ಈ ಪುಟದ ಸಹವಾಸ ಬಿಡುತ್ತೇನೆ.”

ಅವಳು ಸೆರಗಿಗೆ ಕೈ ಒರೆಸಿಕೊಳ್ಳುತ್ತ ಬಾಗಿಲಿಗೆ ಬಂದಳು.

“ನಮ್ಮನೆ ಹೆಸರೇ ಹಾಕ್ರಿ. ನಿಮ್ಮ ಎದೆ ಆಪರೇಷನ್ ದಿನ ಎರಡು ಹುಂಜ ಕೊಟ್ಟೆ. ಆಸ್ಪತ್ರೆಲಿ ‘ಈಗ ಜೀವ ಬಂತು ಕಣೇ’ ಅಂತ ಲೋಟ ನೆಕ್ಕಿದ್ರಲ್ಲ, ಆ ಸಾರು ಅವುಗಳದ್ದೇ.”